ಕಡಲು ಮುಚ್ಚಿದ ತಿಂಗಳುಗಳು

ಆಷಾಢದ ಗಾಳಿ ಎಂದರೆ ಏನೆಂದು ಡಿ. ಹಿರೇಹಾಳಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಳ್ಳಾರಿಗೂ ರಾಯದುರ್ಗಕ್ಕೂ ನಡುವಿನ ಈ ಬಯಲಿನಲ್ಲಿ ಜೂನ್ ಬಂತೆಂದರೆ ಪಡುವಣದ ಗಾಳಿ ಹಗಲು ರಾತ್ರಿಯೆನ್ನದೆ ಬೀಸುತ್ತದೆ. ಮೋಡಗಳು ತಲೆಯ ಮೇಲೆ ಸಾಲುಗಟ್ಟಿ ಓಡುತ್ತವೆ, ಹನಿ ಮಾತ್ರ ಉದುರುವುದು ಅಪರೂಪ. ಪಕ್ಕದ ಬೊಮ್ಮನಹಾಳ್, ಕಣೇಕಲ್ಲು ಕಡೆಗೆ ಹೋದರೆ, ಹಗರಿ ಹೊಳೆಯ ಒಣಗಿದ ಪಾತ್ರದಿಂದ ಈ ಗಾಳಿ ಎಬ್ಬಿಸಿದ ಮರಳು ಹೊಲಗಳ ಮೇಲೆ ಹರಡಿ ದಿಬ್ಬ ದಿಬ್ಬವಾಗಿ ನಿಂತಿರುವುದು ಕಾಣುತ್ತದೆ.

ಕಡಲಜೀವಿಗಳ ಅಧ್ಯಾಯವನ್ನು ಇಷ್ಟು ಒಣ ಸೀಮೆಯಿಂದ ಶುರು ಮಾಡಲು ಕಾರಣವಿದೆ. ಈ ಗಾಳಿ ಕಡಲಿನಿಂದಲೇ ಬಂದದ್ದು. ಸಮಭಾಜಕದ ಆಚೆ ಹುಟ್ಟಿ, ಆಫ್ರಿಕದ ಪೂರ್ವ ಕರಾವಳಿಯ ಪಕ್ಕದಲ್ಲಿ ಉತ್ತರಕ್ಕೆ ತಿರುಗಿ, ಅರಬ್ಬಿ ಸಮುದ್ರದ ಮೇಲೆ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ರಭಸದ ಹೊನಲಾಗಿ ಇದು ಭಾರತದತ್ತ ನುಗ್ಗುತ್ತದೆ. 1969ರಲ್ಲಿ ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ ಇದನ್ನು ವಿವರವಾಗಿ ಗುರುತಿಸಿದ್ದರಿಂದ ಈ ಹೊನಲಿಗೆ ಅವರದೇ ಹೆಸರು ಬಿದ್ದಿದೆ. ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುವಾಗ ಅದು ತನ್ನ ನೀರನ್ನೆಲ್ಲ ಸುರಿದುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿದ ಮಳೆ, ಹಿರೇಹಾಳು ಇರುವ ಅನಂತಪುರ ಸೀಮೆಗೆ 550 ಮಿ.ಮೀ. ಆಸುಪಾಸು. ಹಿರೇಹಾಳಿಗೆ ಸಿಗುವುದು ಮಳೆ ಕಳೆದುಕೊಂಡ ಗಾಳಿ. ಅದೇ ಗಾಳಿ ಒಂದು ದಿನ ಮೊದಲು ಮುರುಡೇಶ್ವರದ ಕಡಲಲ್ಲಿ ಏನು ಮಾಡಿ ಬಂತು ಎಂಬುದೇ ಈ ಅಧ್ಯಾಯದ ವಿಷಯ.

ಹಿರೇಹಾಳಿನಿಂದ ಮುರುಡೇಶ್ವರಕ್ಕೆ ನೇರ ಗೆರೆ ಎಳೆದರೆ 250 ಕಿ.ಮೀ.ಗಿಂತ ತುಸು ಹೆಚ್ಚು. ಅಲ್ಲಿಂದ ಸುಮಾರು 19 ಕಿ.ಮೀ. ಕಡಲೊಳಗೆ ನೇತ್ರಾಣಿ ದ್ವೀಪವಿದೆ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಬಹುಪಾಲು ಜನರಿಗೆ ನೇತ್ರಾಣಿಯೇ. ಬಂಡೆಗಳಿಗೆ ಅಂಟಿದ ಹವಳ, ಅದರ ಸುತ್ತ ಚಿಟ್ಟೆಮೀನು, ಗಿಳಿಮೀನು, ಬಿರುಕುಗಳಲ್ಲಿ ಬಾಯ್ದೆರೆದ ಮೊರೆ ಹಾವುಮೀನು, ಮೇಲೆ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದು. ಅಕ್ಟೋಬರಿನಿಂದ ಮೇ ತನಕ ದೋಣಿಗಳು ಮುಳುಗುಗಾರರನ್ನು ಅಲ್ಲಿಗೆ ಕರೆದೊಯ್ಯುತ್ತವೆ. ಮುಂಗಾರು ಹತ್ತಿರವಾದಂತೆ ಅವು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯೂ ಇರುವುದಿಲ್ಲ. ಕಡಲು ಮುಚ್ಚಿದೆ ಎನ್ನುತ್ತೇವೆ. ಮುಚ್ಚಿದ್ದು ನಮ್ಮ ಬಾಗಿಲು. ಕಡಲಜೀವಿಗಳ ವರ್ಷ ಆರಂಭವಾಗುವುದೇ ಆಗ. ನೇತ್ರಾಣಿಯಲ್ಲಿ ಡಿಸೆಂಬರಿನ ತಿಳಿನೀರಿನಲ್ಲಿ ನಾವು ಕಂಡು ಬೆರಗಾಗುವ ಸಮೃದ್ಧಿಗೆಲ್ಲ ಜುಲೈನ ಕಲಕುನೀರಿನ ಋಣವಿದೆ.

ಮೊದಲು ಅಲೆಯನ್ನು ನೋಡೋಣ. ಅಲೆ ದಡಕ್ಕೆ ಬರುತ್ತದೆ, ಆದರೆ ಆಳದ ಕಡಲಿನಲ್ಲಿ ನೀರು ಅಲೆಯ ಜೊತೆ ಬರುವುದಿಲ್ಲ. ನೀರಿನ ಪ್ರತಿ ಕಣವೂ ಇದ್ದಲ್ಲೇ ಒಂದು ಸುತ್ತು ತಿರುಗುತ್ತದೆ. ಕೆಳಗೆ ಹೋದಂತೆ ಈ ಸುತ್ತು ಚಿಕ್ಕದಾಗುತ್ತ, ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಲೆಯುದ್ದವನ್ನು ಅಳೆಯಲು ಕಡಲಿಗೆ ಹೋಗಬೇಕಿಲ್ಲ, ಕೈಗಡಿಯಾರ ಸಾಕು. ಒಂದು ಅಲೆಯ ತುದಿ ದಾಟಿದ ಮೇಲೆ ಮುಂದಿನದು ಬರಲು ಎಷ್ಟು ಸೆಕೆಂಡ್ ಹಿಡಿಯಿತೋ ಆ ಸಂಖ್ಯೆಯ ವರ್ಗವನ್ನು 1.56ರಿಂದ ಗುಣಿಸಿದರೆ ಆಳದ ನೀರಿನಲ್ಲಿ ಆ ಅಲೆಯ ಉದ್ದ ಮೀಟರುಗಳಲ್ಲಿ ಸಿಗುತ್ತದೆ. ಜನವರಿಯ ಸಂಜೆಯ ಗಾಳಿ ಎಬ್ಬಿಸುವ ಐದು ಸೆಕೆಂಡಿನ ಅಲೆಗೆ 39 ಮೀಟರ್ ಉದ್ದ. ಅದರ ಅಲುಗಾಟ 20 ಮೀಟರ್ ಆಳಕ್ಕೆ ಮುಗಿಯುತ್ತದೆ. ಹತ್ತು ಸೆಕೆಂಡಿನ ಅಲೆಗೆ 156 ಮೀಟರ್ ಉದ್ದ, 78 ಮೀಟರ್ ಆಳದವರೆಗೂ ಅದರ ಅಲುಗಾಟ ಮುಟ್ಟುತ್ತದೆ.

ಮುಂಗಾರಿನಲ್ಲಿ ನಮ್ಮ ಕರಾವಳಿಗೆ ಬರುವುದು ಈ ಎರಡನೆಯ ಬಗೆಯದು. ತಳ ಹತ್ತಿರವಿರುವಲ್ಲಿ ಆ ಸುತ್ತುಗಳು ಚಪ್ಪಟೆಯಾಗಿ ಬರಿಯ ಹಿಂದುಮುಂದಿನ ಎಳೆದಾಟವಾಗುತ್ತವೆ. ಮೂರು ಮೀಟರ್ ಎತ್ತರದ, ಹತ್ತು ಸೆಕೆಂಡಿನ ಅಲೆಯೊಂದು 15 ಮೀಟರ್ ಆಳದ ತಳದಲ್ಲಿ ನೀರನ್ನು ಸುಮಾರು ಮೂರು ಮೀಟರ್ ಆಚೆಗೆ ನೂಕಿ, ಮರುಗಳಿಗೆ ಅಷ್ಟೇ ದೂರ ಈಚೆಗೆ ಎಳೆಯುತ್ತದೆ. ಇದು ಲೆಕ್ಕದಿಂದ ಬರುವ ಉತ್ತರ, ಉತ್ಪ್ರೇಕ್ಷೆಯಲ್ಲ. ಬಾರ್ನಕಲ್ ಎಂಬ ಚೂಪು ಚಿಪ್ಪಿನ ಜೀವಿಗಳು ತುಂಬಿದ ಬಂಡೆಯ ಪಕ್ಕದಲ್ಲಿ ಸಿಲಿಂಡರ್ ಹೊತ್ತ ಮನುಷ್ಯನೊಬ್ಬ ಆ ಎಳೆದಾಟಕ್ಕೆ ಸಿಕ್ಕರೆ ಗತಿಯೇನು! ಮೇಲಿನ ಅಲೆಯ ಕೆಳಗೆ ಇಳಿದುಬಿಟ್ಟರೆ ಶಾಂತಿ ಎಂಬ ಭಾವನೆ ಹೊಸ ಮುಳುಗುಗಾರರಲ್ಲಿ ಬಲವಾಗಿದೆ. ಸಣ್ಣ ಅಲೆಗಳ ಮಟ್ಟಿಗೆ ಅದು ನಿಜ, ಮುಂಗಾರಿನ ಮಟ್ಟಿಗೆ ಅಪಾಯಕಾರಿ ಸುಳ್ಳು.

ಇನ್ನು ಕಾಣಿಸುವ ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಒಳ್ಳೆಯ ದಿನ ಸಿಕ್ಕರೆ ನೇತ್ರಾಣಿಯ ನೀರಿನಲ್ಲಿ ಹದಿನೈದು ಮೀಟರ್ ಆಚೆಗಿನ ಮೀನು ನಿಚ್ಚಳವಾಗಿ ಕಾಣುತ್ತದೆ. ಜುಲೈನಲ್ಲಿ ದಡದ ಹತ್ತಿರ ಚಾಚಿದ ಕೈಯೇ ಕಾಣದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಎಲ್ಲವೂ ಕೆಂಪು ಮಣ್ಣು ಹೊತ್ತು ಬರುತ್ತವೆ, ತಳದಲ್ಲಿ ಮೊದಲೇ ಕೂತಿದ್ದ ಕೆಸರನ್ನು ಅಲೆ ಎಬ್ಬಿಸುತ್ತದೆ. ಮರಳಿನ ಕಣ ಹತ್ತು ಮೀಟರ್ ಇಳಿಯಲು ಕೆಲವೇ ನಿಮಿಷ ಬೇಕು. ಮಿಲಿಮೀಟರಿನ ಐನೂರನೆಯ ಒಂದು ಭಾಗದಷ್ಟಿರುವ ಜೇಡಿಯ ಕಣ ಮಾತ್ರ ನಿಂತ ನೀರಿನಲ್ಲೂ ದಿನಕ್ಕೆ ಒಂದು ಅಡಿಯಷ್ಟೇ ಇಳಿಯುತ್ತದೆ, ಹತ್ತು ಮೀಟರಿಗೆ ಒಂದು ತಿಂಗಳು. ಉಪ್ಪುನೀರಿನಲ್ಲಿ ಇಂಥ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಬೇಗ ಇಳಿಯುವುದು ನಮ್ಮ ಪುಣ್ಯ. ಆದರೂ ಮಳೆ ನಿಂತ ಮೇಲೆ ನೀರು ತಿಳಿಯಾಗಲು ವಾರಗಟ್ಟಲೆ ಏಕೆ ಕಾಯಬೇಕೆಂಬುದಕ್ಕೆ ಇಲ್ಲಿ ಉತ್ತರವಿದೆ. ನಮ್ಮ ಕರಾವಳಿಯಲ್ಲಿ ದಡದಿಂದಲೇ ನಡೆದು ಹೋಗಿ ಮುಳುಗುವ ಕ್ರೀಡೆ ಬೆಳೆಯದಿರುವುದಕ್ಕೂ ಇದೇ ಕಾರಣ. ತಳ ನಿಧಾನವಾಗಿ ಇಳಿಜಾರಾಗುವ ಮರಳಿನ ಕರಾವಳಿ, ಹೆಜ್ಜೆಗೊಂದು ಹೊಳೆ, ವರ್ಷದ ಬಹುಭಾಗ ಮಬ್ಬು ನೀರು.

ಹಾಗಿದ್ದೂ ದಡದಿಂದ ಮುಳುಗುವವರು ಇಲ್ಲಿ ಮೊದಲಿನಿಂದ ಇದ್ದಾರೆ. ಕಾರವಾರದಿಂದ ಸೋಮೇಶ್ವರದವರೆಗೆ ಬಂಡೆಗಳಿರುವಲ್ಲೆಲ್ಲ ಪಚ್ಚಿಲೆ ಎಂಬ ಹಸಿರು ಚಿಪ್ಪುಜೀವಿಯನ್ನು ಕೀಳುವವರು ಯಾವ ಸಿಲಿಂಡರೂ ಇಲ್ಲದೆ ಉಸಿರು ಬಿಗಿಹಿಡಿದು ಇಳಿದು, ಕೈಯಲ್ಲಿನ ಕಬ್ಬಿಣದ ಉಳಿಯಿಂದ ಚಿಪ್ಪು ಬಿಡಿಸಿ ತರುತ್ತಾರೆ. ಇವರು ನೀರಿಗಿಳಿಯುವ ಮುನ್ನ ಬಂಡೆಯ ಮೇಲೆ ಸುಮ್ಮನೆ ನಿಂತು ಕಡಲನ್ನು ನೋಡುತ್ತಾರೆ. ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ಸಣ್ಣವು ಕೆಲವು ಬಂದ ಮೇಲೆ ದೊಡ್ಡವುಗಳ ಒಂದು ಗುಂಪು ಬರುತ್ತದೆ. ಉದ್ದದಲ್ಲಿ ಸ್ವಲ್ಪವೇ ಭಿನ್ನವಾದ ಅಲೆಸಾಲುಗಳು ಒಂದರ ಮೇಲೊಂದು ಕೂಡಿದಾಗ ಹೀಗಾಗುತ್ತದೆ. ಐದು ನಿಮಿಷ ನೋಡಿ ಕಡಲು ಸಣ್ಣದಿದೆ ಎಂದುಕೊಂಡವನು ಆರನೆಯ ನಿಮಿಷದಲ್ಲಿ ಬಂಡೆಗೆ ಅಪ್ಪಳಿಸಬಹುದು. ಕಡಲಿಗಿಳಿಯುವ ಯಾರೇ ಆಗಲಿ ಕಲಿಯಬೇಕಾದ ಮೊದಲ ಪಾಠ ಈ ನಿಲ್ಲುವಿಕೆ ಎಂದು ನಾನು ನಂಬುತ್ತೇನೆ.

ತೂಫಾನು ಬಂದಾಗ ಜೀವಿಗಳು ಎಲ್ಲಿ ಹೋಗುತ್ತವೆ? ಹೋಗಬಲ್ಲವು ಮೊದಲೇ ಹೋಗಿರುತ್ತವೆ. ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಅಮೆರಿಕದ ಫ್ಲಾರಿಡಾದಲ್ಲಿ. 2001ರಲ್ಲಿ ಗೇಬ್ರಿಯೆಲ್ ಎಂಬ ಚಂಡಮಾರುತ ಬರುವ ಹೊತ್ತಿಗೆ ಅಲ್ಲಿನ ಕೊಲ್ಲಿಯೊಂದರಲ್ಲಿ ವಿಜ್ಞಾನಿಗಳು ಕಪ್ಪುತುದಿ ಶಾರ್ಕಿನ ಮರಿಗಳಿಗೆ ಪುಟ್ಟ ಧ್ವನಿಸಾಧನ ಅಳವಡಿಸಿ ಅವುಗಳ ಓಡಾಟ ದಾಖಲಿಸುತ್ತಿದ್ದರು. ಗಾಳಿಯ ಒತ್ತಡ ಕುಸಿಯತೊಡಗಿದಂತೆ ಮರಿಗಳು ಆಳವಿಲ್ಲದ ಕೊಲ್ಲಿಯನ್ನು ಬಿಟ್ಟು ಹೊರಗಿನ ಆಳಕ್ಕೆ ಹೋದವು, ಚಂಡಮಾರುತ ದಾಟಿದ ಮೇಲೆ ಮರಳಿ ಬಂದವು. ವಾಯುಭಾರ 10 ಮಿಲಿಬಾರ್ ಇಳಿದರೆ ಅದು ತಲೆಯ ಮೇಲಿನ ನೀರು ಹತ್ತು ಸೆಂಟಿಮೀಟರ್ ಕಡಿಮೆಯಾದಂತೆ. ಮನುಷ್ಯನಿಗೆ ಗೊತ್ತೇ ಆಗದ ಈ ವ್ಯತ್ಯಾಸವನ್ನು ಶಾರ್ಕಿನ ಒಳಕಿವಿ ಗ್ರಹಿಸಬಲ್ಲದು.

ಅಂಟಿಕೊಂಡೇ ಬದುಕುವವುಗಳಿಗೆ ಆ ಅನುಕೂಲವಿಲ್ಲ. ಕಡಲತೀರದ ಬಂಡೆಯ ಮೇಲೆ ಜೂನ್ ತಿಂಗಳಲ್ಲಿ ನಡೆಯುವ ಹೋರಾಟ ನನಗೆ ನೇತ್ರಾಣಿಯ ಹವಳಕ್ಕಿಂತ ದೊಡ್ಡ ಸೋಜಿಗ. ಕಡಲನೀರಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗ ಉಪ್ಪು. ಕಡಲು ಇಳಿದಿರುವಾಗ ಬಂಡೆಯ ಕುಳಿಯಲ್ಲಿ ಉಳಿದ ನೀರಿಗೆ ಘಂಟೆಗಟ್ಟಲೆ ಜಡಿಮಳೆ ಬಿದ್ದರೆ ಅದು ಸಪ್ಪೆಯಾಗುತ್ತದೆ. ಉಪ್ಪುನೀರಿಗೆ ಹೊಂದಿಕೊಂಡ ಮೈಯೊಳಕ್ಕೆ ಸಿಹಿನೀರು ನುಗ್ಗಿ ಜೀವಕೋಶಗಳು ಉಬ್ಬಿ ಒಡೆಯುವ ಅಪಾಯ. ಬಾರ್ನಕಲ್ ತನ್ನ ಸುಣ್ಣದ ಬಾಗಿಲನ್ನು ಜಡಿದು ಒಳಗಿನ ಒಂದು ಹನಿ ಉಪ್ಪುನೀರಿನಲ್ಲೇ ಮುಂದಿನ ಭರತಕ್ಕೆ ಕಾಯುತ್ತದೆ. ಲಿಂಪೆಟ್ ಎಂಬ ಟೋಪಿಚಿಪ್ಪಿನ ಹುಳು ಬಂಡೆಗೆ ಬಿಗಿದುಕೊಳ್ಳುತ್ತದೆ, ಕಡಲಹೂವು ಬೆರಳಿನಂಥ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಲೋಳೆಯ ಉಂಡೆಯಾಗಿ ಕೂರುತ್ತದೆ. ಅಳಿವೆಯ ಬಾಯಿಗೆ ಹತ್ತಿರದ ಬಂಡೆಗಳಲ್ಲಿ ಸಿಹಿನೀರು ದಿನಗಟ್ಟಲೆ ನಿಂತಾಗ ಪಚ್ಚಿಲೆಗಳು ರಾಶಿರಾಶಿ ಸಾಯುತ್ತವೆ. ಆದರೆ ಪಚ್ಚಿಲೆ ಮೊಟ್ಟೆ, ವೀರ್ಯಗಳನ್ನು ನೀರಿಗೆ ಬಿಡುವುದೂ ಮಳೆಗಾಲದಲ್ಲೇ. ಮಳೆ ಇಳಿದು ಸೆಪ್ಟೆಂಬರ್, ಅಕ್ಟೋಬರ್ ಬಂದಾಗ ತೆರವಾದ ಬಂಡೆಯ ಮೇಲೆ ಕಾಳಿನಷ್ಟು ಚಿಕ್ಕ ಹೊಸ ಪಚ್ಚಿಲೆಗಳು ಹಸಿರು ಹಾಸಿಗೆ ಹಾಸುತ್ತವೆ. ಹಳೆಯವು ಸಾಯದಿದ್ದರೆ ಇವುಗಳಿಗೆ ಅಲ್ಲಿ ಜಾಗವಿರುತ್ತಿರಲಿಲ್ಲ.

ಮರಳಿನದೂ ಇಂಥದೇ ವರ್ಷಚಕ್ರ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಿದಾದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದೊಯ್ದು ಸ್ವಲ್ಪ ಒಳಗೆ, ನೀರಡಿಯಲ್ಲಿ ದಿಂಡಾಗಿ ಪೇರಿಸುತ್ತವೆ. ಮಳೆಗಾಲ ಮುಗಿದ ಮೇಲೆ ಬರುವ ಮೆಲು ಅಲೆಗಳು ಅದನ್ನು ತಿರುಗಿ ದಡಕ್ಕೆ ತಂದು ಹಾಕುತ್ತವೆ. ಈ ಕೊಡುಕೊಳ್ಳುವಿಕೆಯ ನಡುವೆ ಕಲ್ಲಿನ ಗೋಡೆ ಕಟ್ಟಿದಲ್ಲಿ ಮರಳಿನ ಲೆಕ್ಕ ತಪ್ಪಿ, ಪಕ್ಕದ ಊರಿನಲ್ಲಿ ಕಡಲ್ಕೊರೆತ ಹೆಚ್ಚುತ್ತದೆ. ಅದು ಬೇರೆಯೇ ಒಂದು ಪುಸ್ತಕಕ್ಕಾಗುವ ಸಂಗತಿ.

ಈಗ ಮುಂಗಾರಿನ ನಿಜವಾದ ಕೊಡುಗೆಗೆ ಬರೋಣ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಗಾಳಿ ಬಹುಪಾಲು ವಾಯವ್ಯದ ಕಡೆಯಿಂದ ದಕ್ಷಿಣಕ್ಕೆ ಓರೆಯಾಗಿ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ, ಗಾಳಿ ತಳ್ಳಿದ ಮೇಲ್ಪದರದ ನೀರು ಉತ್ತರಾರ್ಧಗೋಳದಲ್ಲಿ ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ಇರುವುದು ತೆರೆದ ಕಡಲು. ಹೀಗೆ ಮೇಲಿನ ನೀರು ದಡದಿಂದ ದೂರ ಸರಿದಾಗ ಆ ಜಾಗ ತುಂಬಲು ಕೆಳಗಿನ ತಣ್ಣನೆಯ ನೀರು ಏರಿ ಬರಲೇಬೇಕು. ಕೇರಳದ ಕಡೆ ಮೊದಲು ಶುರುವಾಗುವ ಈ ಏರಿಕೆ ಉತ್ತರಕ್ಕೆ ಹಬ್ಬುತ್ತ ಕರ್ನಾಟಕದ ಕರಾವಳಿಯಲ್ಲಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬಲವಾಗಿರುತ್ತದೆ.

ವರ್ಷವಿಡೀ ಮೇಲಿನಿಂದ ಸತ್ತು ಬಿದ್ದದ್ದೆಲ್ಲ ಕೊಳೆತು ಗೊಬ್ಬರವಾಗಿ ಸೇರಿರುವುದು ಆ ತಳದ ನೀರಿನಲ್ಲಿ. ನೈಟ್ರೇಟ್, ಫಾಸ್ಫೇಟ್, ಸಿಲಿಕೇಟುಗಳು ಕತ್ತಲಲ್ಲಿ ಕೂತಿರುತ್ತವೆ, ಬೆಳಕಿನಲ್ಲಿರುವ ಸಸ್ಯಕಣಗಳಿಗೆ ಅವು ಎಟುಕುವುದಿಲ್ಲ. ಮುಂಗಾರು ಇವೆರಡನ್ನೂ ಜೋಡಿಸಿಬಿಡುತ್ತದೆ. ಹೊಲಕ್ಕೆ ಗೊಬ್ಬರ ಹಾಕಿ ನೀರು ಬಿಟ್ಟಂತೆ ಡಯಾಟಮ್ ಎಂಬ ಗಾಜಿನ ಕವಚದ ಏಕಕೋಶ ಸಸ್ಯಗಳು ಕೋಟಿಗಟ್ಟಲೆ ಹೆಚ್ಚುತ್ತವೆ. ಬೂತಾಯಿ ಮೀನು ಮೊಟ್ಟೆಯಿಡುವ ಕಾಲ ಇದಕ್ಕೆ ಸರಿಯಾಗಿ ಹೊಂದಿಕೊಂಡಿದೆ. ಉತ್ತರ ಕನ್ನಡದಲ್ಲಿ ತಾರ್ಲೆ, ಕುಂದಾಪುರದ ಕಡೆ ಬೈಗೆ ಎನ್ನುವ ಈ ಮೀನು ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಗಳು ಕಣ್ಣು ಬಿಡುವುದೇ ಊಟದ ನಡುವೆ. ಬಂಗುಡೆಯ ಮರಿಗಳಿಗೂ ಇದೇ ಭಾಗ್ಯ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಬಲೆ ಬೀಸಬಾರದೆಂಬ ಕಾನೂನಿಗೆ ಅಲೆಯ ಅಪಾಯವೊಂದೇ ಕಾರಣವಲ್ಲ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಮೀನನ್ನು ಹಿಡಿದರೆ ಮುಂದಿನ ವರ್ಷದ ಬಲೆ ಬರಿದಾಗುತ್ತದೆ.

ಈ ಉಪಕಾರಕ್ಕೆ ಒಂದು ಬೆಲೆಯೂ ಇದೆ. ಕೆಳಗಿನಿಂದ ಬಂದ ನೀರಿನಲ್ಲಿ ಗೊಬ್ಬರವಿದ್ದರೂ ಆಮ್ಲಜನಕ ತೀರ ಕಡಿಮೆ. ಮೇಲೆ ಬೆಳೆದ ಸಸ್ಯಕಣಗಳು ಸತ್ತು ಕೆಳಗಿಳಿದು ಕೊಳೆಯುವಾಗ ಉಳಿದಿದ್ದೂ ಖರ್ಚಾಗುತ್ತದೆ. ಅದರ ಮೇಲೆ ಹೊಳೆಗಳ ಸಿಹಿನೀರು ಹಗುರವಾಗಿ ಮುಚ್ಚಳದ ಹಾಗೆ ಹರಡಿ, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕರಾವಳಿಯ ತಳದ ಎಷ್ಟೋ ಭಾಗದಲ್ಲಿ ಮೀನು ಉಸಿರಾಡಲಾರದ ನೀರಿರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಈ ಆಮ್ಲಜನಕದ ಬರ ಹೆಚ್ಚು ತೀವ್ರವಾಗುತ್ತಿದೆ, ಅಂಥ ನೀರಿನಿಂದ ಭೂಮಿಯನ್ನು ಬಿಸಿಯಾಗಿಸುವ ನೈಟ್ರಸ್ ಆಕ್ಸೈಡ್ ಹೊರಬೀಳುತ್ತಿದೆ ಎಂದು ಅವರು ತೋರಿಸಿದರು. ತಳದಲ್ಲಿ ಉಸಿರು ಸಿಗದಾದಾಗ ಮೀನು, ಸಿಗಡಿಗಳು ಮೇಲಕ್ಕೂ ದಡದತ್ತಲೂ ಒತ್ತರಿಸಿಕೊಂಡು ಬರುತ್ತವೆ. ದಡದಲ್ಲಿ ಒಮ್ಮೆಲೇ ಮೀನು ಹೇರಳವಾಗಿ ಸಿಕ್ಕಿತೆಂಬ ಸುದ್ದಿಯ ಹಿಂದೆ ಎಷ್ಟೋ ಸಲ ಕಡಲಿನ ಈ ಉಸಿರುಗಟ್ಟಿದ ಸ್ಥಿತಿ ಇರುತ್ತದೆ.

ನೀರಿಗಿಳಿಯದೆ ಈ ತಿಂಗಳುಗಳಲ್ಲಿ ಕಡಲಜೀವಿಗಳನ್ನು ನೋಡುವುದು ಹೇಗೆ? ದಡದಲ್ಲಿ ಅಲೆ ಬಿಟ್ಟುಹೋಗುವ ಕಸದ ಗೆರೆಯ ಉದ್ದಕ್ಕೂ ನಡೆಯಿರಿ. ನಡುಗಡಲಿನ ನೀರಿನ ಮೇಲ್ಮೈಯಲ್ಲೇ ಹುಟ್ಟಿ ಅಲ್ಲೇ ಸಾಯುವ ಒಂದು ನೀಲಿ ಲೋಕವಿದೆ. ಗಾಳಿ ತಿಂಗಳುಗಟ್ಟಲೆ ಒಂದೇ ಕಡೆಯಿಂದ ಬೀಸಿದಾಗ ಮಾತ್ರ ಅದು ನಮ್ಮ ಕಾಲಬುಡಕ್ಕೆ ಬರುತ್ತದೆ. ನೀಲಿ ಅಂಚಿನ ದುಂಡು ಬಿಲ್ಲೆಯಂತೆ ಕಾಣುವ ಪಾರ್ಪಿಟ ಒಂದು ಪ್ರಾಣಿಯಲ್ಲ, ಕೆಲಸ ಹಂಚಿಕೊಂಡ ನೂರಾರು ಪುಟ್ಟ ಜೀವಿಗಳ ಕೂಟ. ನೀಲಿ ಗಾಳಿಚೀಲ ಮತ್ತು ಉದ್ದನೆಯ ಎಳೆಗಳ ಫೈಸೇಲಿಯವೂ ಹಾಗೆಯೇ, ಅದರ ಚೀಲವೇ ಹಾಯಿ. ಇವುಗಳನ್ನು ತಿಂದು ಬದುಕುವ ಜಾಂತಿನ ಎಂಬ ನೇರಳೆ ಬಸವನಹುಳು ತನ್ನ ಲೋಳೆಯಿಂದ ಗುಳ್ಳೆಗಳ ತೆಪ್ಪ ಕಟ್ಟಿಕೊಂಡು ಅದಕ್ಕೆ ತಲೆಕೆಳಗಾಗಿ ಜೋತುಬಿದ್ದು ಇಡೀ ಜನ್ಮ ತೇಲುತ್ತದೆ. ತೆಪ್ಪ ಒಡೆದರೆ ಮುಳುಗಿ ಸಾಯುತ್ತದೆ, ಅದಕ್ಕೆ ಈಜು ಬರದು. ಈ ಎಲ್ಲವೂ ನೀಲಿಯಾಗಿರುವುದರಲ್ಲಿ ಅರ್ಥವಿದೆ. ಮೇಲಿನಿಂದ ನೋಡುವ ಹಕ್ಕಿಗೆ ಅವು ಕಡಲಿನ ಬಣ್ಣದಲ್ಲಿ ಕರಗಿಹೋಗುತ್ತವೆ. ನೋಡಿ, ಮುಟ್ಟಬೇಡಿ. ಫೈಸೇಲಿಯದ ಎಳೆ ಸತ್ತ ಮೇಲೂ ಕುಟುಕುತ್ತದೆ. ಕುಟುಕಿದರೆ ಉಜ್ಜದೆ, ಸಿಹಿನೀರು ಹಾಕದೆ, ಕಡಲನೀರಿನಲ್ಲೇ ತೊಳೆದು ಆಸ್ಪತ್ರೆಗೆ ಹೋಗಬೇಕು.

ಹಕ್ಕಿಗಳನ್ನೂ ನೋಡಬೇಕು. ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಎಂಬ ಹಕ್ಕಿ ತೂಗುವುದು ಸುಮಾರು ನಲವತ್ತು ಗ್ರಾಂ. ಅಂಟಾರ್ಟಿಕದಲ್ಲಿ ಮರಿ ಮಾಡಿ, ಅಲ್ಲಿನ ಚಳಿಗಾಲ ಕಳೆಯಲು ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಅಲ್ಲಿ ಚಳಿಗಾಲವೆಂದರೆ ನಮ್ಮಲ್ಲಿ ಮುಂಗಾರು. ಅಲೆಗಳ ತಗ್ಗಿನಲ್ಲಿ ನೀರನ್ನು ಕಾಲಿನಿಂದ ತಟ್ಟುತ್ತ, ನಡೆಯುತ್ತಿರುವಂತೆ ಹಾರುತ್ತ ಪುಟ್ಟ ಜೀವಿಗಳನ್ನು ಹೆಕ್ಕುತ್ತದೆ. ಭೂಮಿಯತ್ತ ಸುಳಿಯದ ಮಾಸ್ಕ್ಡ್ ಬೂಬಿ, ಫ್ರಿಗೇಟ್ ಹಕ್ಕಿ, ಕಪ್ಪುಬೆನ್ನಿನ ರೀವಗಳು ಬಿರುಗಾಳಿಗೆ ಸೋತು ದಡಕ್ಕೆ ಬಂದು ಬೀಳುವುದು ಈ ದಿನಗಳಲ್ಲೇ. ಘಟ್ಟ ದಾಟಿ ಒಳನಾಡಿನ ಕೆರೆಗಳಲ್ಲಿ ಇಳಿದದ್ದೂ ಇದೆ. ಆದ್ದರಿಂದ ದೊಡ್ಡ ಗಾಳಿಯ ಮರುದಿನ ಬಯಲುಸೀಮೆಯ ಹಕ್ಕಿಪ್ರಿಯರು ತಮ್ಮೂರ ಕೆರೆಗೂ ಒಂದು ಸುತ್ತು ಹೋಗುವುದು ಒಳ್ಳೆಯದು. ಅಂಥ ಹಕ್ಕಿ ಸಿಕ್ಕರೆ ಬಾಯಿಗೆ ನೀರು ಹುಯ್ಯಬಾರದು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು.

ಮುಂಗಾರಿನ ಮಾತು ಇಷ್ಟಾಯಿತು. ಚಂಡಮಾರುತ ಬೇರೆ. ಮುಂಗಾರು ದಿನಾಂಕ ಹೇಳಿ ಬರುತ್ತದೆ, ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ, ಎಂದರೆ ಮುಳುಗುಗಾರರು ನೀರಿನಲ್ಲಿರುವ ಕಾಲದಲ್ಲಿಯೇ ಏಳುತ್ತದೆ. 2019ರಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂದು ಐದು ಎದ್ದವು. ಆ ಅಕ್ಟೋಬರಿನ ಕ್ಯಾರ್ ನಮ್ಮ ದಡವನ್ನು ಮುಟ್ಟಲೇ ಇಲ್ಲ, ಆದರೂ ಹೊರರಾಜ್ಯದ ಮೀನುಗಾರಿಕಾ ದೋಣಿಗಳು ಕಾರವಾರದಲ್ಲಿ ಆಶ್ರಯ ಪಡೆಯಬೇಕಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಗುಜರಾತಿಗೆ ಹೋಗುವ ದಾರಿಯಲ್ಲಿ ಪಕ್ಕದಲ್ಲಿ ಹಾದದ್ದಕ್ಕೇ ಉಳ್ಳಾಲ, ಸೋಮೇಶ್ವರದ ಮನೆಗಳಿಗೆ ಕಡಲು ನುಗ್ಗಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತದ ಇಂಧನ ಬಿಸಿನೀರು.

ಇಲ್ಲೂ ಕೈಗಡಿಯಾರ ಕೆಲಸಕ್ಕೆ ಬರುತ್ತದೆ. ಉದ್ದನೆಯ ಅಲೆ ಗಿಡ್ಡ ಅಲೆಗಿಂತ ವೇಗವಾಗಿ ಓಡುತ್ತ ತನ್ನನ್ನು ಹುಟ್ಟಿಸಿದ ಬಿರುಗಾಳಿಯನ್ನೇ ಹಿಂದೆ ಹಾಕುತ್ತದೆ. ಹದಿನಾಲ್ಕು ಸೆಕೆಂಡಿನ ಅಲೆಸಾಲು ದಿನಕ್ಕೆ 900 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತದೆ. ಚಂಡಮಾರುತ ಸಾಮಾನ್ಯವಾಗಿ ಅದರ ಅರ್ಧವನ್ನೂ ಕ್ರಮಿಸದು. ಗಾಳಿಯಿಲ್ಲ, ಆಕಾಶ ತಿಳಿಯಾಗಿದೆ, ಆದರೆ ಅಲೆಗಳ ನಡುವಿನ ಅಂತರ ಬೆಳಗ್ಗೆ ಎಂಟು ಸೆಕೆಂಡ್ ಇದ್ದದ್ದು ಸಂಜೆಗೆ ಹದಿನಾಲ್ಕಾಗಿದೆ ಎಂದರೆ ದೂರದಲ್ಲೆಲ್ಲೋ ದೊಡ್ಡದೊಂದು ನಡೆದಿದೆ ಎಂದರ್ಥ. ಆ ದಿನ ನೀರಿಗಿಳಿಯಬಾರದು. ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಯ ಅಲೆಗಳೂ ಹೀಗೆಯೇ ಸಾವಿರಾರು ಕಿ.ಮೀ. ದಾಟಿ ಬೇಸಿಗೆಯ ಶಾಂತ ದಿನದಲ್ಲಿ ನಮ್ಮ ದಡಕ್ಕೆ ಏರುವುದುಂಟು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಕೇಂದ್ರ, ಇನ್‌ಕಾಯ್ಸ್, ಇಂಥ ಅಲೆಗಳ ಮುನ್ಸೂಚನೆಯನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ.

ಶ್ರಾವಣದ ನೂಲ ಹುಣ್ಣಿಮೆಯಂದು ಕರಾವಳಿಯ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಆ ಹೊತ್ತಿಗೆ ಕಡಲು ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಆದರೆ ಮಳೆಗಾಲದ ಫಸಲು ಕಾಣತೊಡಗಿರುತ್ತದೆ. ಹಿಂದೆ, ದಡದಿಂದಲೇ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಅಕ್ಟೋಬರ್ ಬಂದರೆ ಬಂಗುಡೆಯ ಹಿಂಡಿಗಾಗಿ ದಡದಲ್ಲೇ ಕಾವಲು ಕೂರುತ್ತಿದ್ದರು. ನೀರಿನ ಬಣ್ಣ ಕಪ್ಪಾದದ್ದು, ಹಕ್ಕಿಗಳು ಒಂದೆಡೆ ಎರಗಿದ್ದು ನೋಡಿ ಹಿಂಡಿನ ಗಾತ್ರವನ್ನೂ ಅದು ಹೋಗುವ ದಿಕ್ಕನ್ನೂ ಹೇಳಬಲ್ಲವರು ಪ್ರತಿ ಊರಿನಲ್ಲೂ ಇದ್ದರು. 1970ರ ದಶಕದಲ್ಲಿ, ಕಡಲಿನಲ್ಲೇ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಮರೆಯಾಯಿತು, ಆ ನೋಟದ ವಿದ್ಯೆಯೂ ಅದರ ಜೊತೆ ಹೋಯಿತು. ಕಡಲಜೀವಿ ವೀಕ್ಷಣೆಯನ್ನು ಹೊಸ ಹವ್ಯಾಸವೆಂದು ಕರೆಯುವಾಗ ಅವರನ್ನು ನಾವು ನೆನೆಯಬೇಕು.

ಮಳೆ ಹಿಂದೆ ಸರಿದ ಮೇಲೆ ಉಳಿದ ಗೊಬ್ಬರದ ಮೇಲೆ ಇನ್ನೊಂದು ಬೆಳೆ ಬರುತ್ತದೆ. ಡಯಾಟಮ್‌ಗಳನ್ನು ತಿಂದು ನಾಕ್ಟಿಲುಕ ಹೆಚ್ಚುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆಯಿರುವ ಈ ಏಕಕೋಶ ಜೀವಿಯ ಮೈಯನ್ನು ಅಲೆ ಜಗ್ಗಿದೊಡನೆ ಅದು ಕ್ಷಣಮಾತ್ರ ನೀಲಿಯಾಗಿ ಮಿನುಗುತ್ತದೆ. 2020ರ ಕೊನೆಯ ತಿಂಗಳುಗಳಲ್ಲಿ ಕಾರವಾರ, ಮಲ್ಪೆಯ ಕಡೆ ಅಲೆಗಳು ನೀಲಿಯಾಗಿ ಹೊಳೆದದ್ದನ್ನು ನೋಡಲು ಜನ ರಾತ್ರಿ ದಡಕ್ಕೆ ಬಂದರು. ಅತಿಯಾದರೆ ಇದೂ ಆಮ್ಲಜನಕ ಕಸಿದು ಮೀನಿಗೆ ಮುಳ್ಳಾಗುತ್ತದೆ.

ಕೊನೆಯದಾಗಿ ಬಯಲುಸೀಮೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದು ಮಳೆಗಾಲವಲ್ಲ, ತೂಫಾನಿನ ದಿನವೂ ಅಲ್ಲ. ದಡಕ್ಕೆ ಬಂದ ಅಲೆಗಳ ನೀರು ಮರಳಿನ ದಿಂಡುಗಳ ನಡುವಿನ ತಗ್ಗಿನಲ್ಲಿ ಒಟ್ಟಾಗಿ ಕಡಲಿಗೆ ಹಿಂತಿರುಗುತ್ತದೆ. ಇದೇ ರಿಪ್ ಕರೆಂಟ್. ಆ ತಗ್ಗಿನ ಮೇಲೆ ಅಲೆ ಒಡೆಯುವುದಿಲ್ಲವಾದ್ದರಿಂದ ಅಲ್ಲಿನ ನೀರು ಉಳಿದೆಡೆಗಿಂತ ಶಾಂತವಾಗಿ, ಕಪ್ಪಗೆ ಕಾಣುತ್ತದೆ. ಕಡಲು ಕಾಣದ ಮಕ್ಕಳು ಸುರಕ್ಷಿತವೆಂದು ಆರಿಸಿಕೊಳ್ಳುವುದು ಅದೇ ಜಾಗವನ್ನು. ಬಲವಾದ ರಿಪ್ ಎದುರು ಒಳ್ಳೆಯ ಈಜುಗಾರರೂ ಸೋಲುತ್ತಾರೆ. ದಡದತ್ತ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿದರೆ ಅದರಿಂದ ಹೊರಬರಬಹುದು. ಈಜು ಬಾರದವರು ಮೊಣಕಾಲಿಗಿಂತ ಮೇಲೆ ನೀರು ಬರುವಲ್ಲಿಗೆ ಹೋಗಲೇಬಾರದು. ಪ್ರವಾಸದ ಬಸ್ಸು ಹೊರಡುವ ಹಿಂದಿನ ದಿನ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಹತ್ತು ನಿಮಿಷ ಸಾಕು. ದಯವಿಟ್ಟು ಆ ಹತ್ತು ನಿಮಿಷ ಕೊಡಿ.